ಗ್ಯಾಲನ್ನಿಗೆ ಎಷ್ಟು ಮೈಲು

ಜೆಪ್ಪುವಿನ ರಾಫೆಲ್ ಪೊರ್ಬುಗಳ ಮನೆಯಲ್ಲಿ ಪೆಟ್ರೋಲಿನ ಚರ್ಚೆ ಶುರುವಾದದ್ದು ಬಂಗುಡೆ ಸಾರಿನ ಊಟದ ಹೊತ್ತಿಗೆ. ೧೯೫೯ರ ಆಗಸ್ಟ್ ತಿಂಗಳು. ಹಿರಿಯ ಮಗ ಎಡ್ವಿನನ ಕೈಹಿಡಿದು ಕ್ರಿಸ್ಟಿನ್ ಆ ಮನೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾವ ರಾಫೆಲರದು ಒಂದು ಕಪ್ಪು ಲ್ಯಾಂಡ್‌ಮಾಸ್ಟರ್ ಟ್ಯಾಕ್ಸಿ. ಹಗಲಿಗೆ ಅವರೇ ಓಡಿಸುತ್ತಿದ್ದರು. ಸಂಜೆಯ ಬಾಡಿಗೆ, ಮದುವೆಯ ಬಾಡಿಗೆ ಏನಿದ್ದರೂ ಕಿರಿಯ ಮಗ ವಿಲ್ಲಿಯದು.

“ನನ್ನ ಗಾಡಿ ಗ್ಯಾಲನ್ನಿಗೆ ಮೂವತ್ತು ಮೈಲು ಕೊಡ್ತದೆ,” ಎಂದರು ರಾಫೆಲ್, ಮೀನಿನ ಮುಳ್ಳು ಬಿಡಿಸುತ್ತ.

“ಮೂವತ್ತು ಎಲ್ಲಿಂದ ಪಪ್ಪಾ? ಇಪ್ಪತ್ತೈದು ಕೊಟ್ಟರೆ ಹೆಚ್ಚು,” ಎಂದ ಎಡ್ವಿನ್. ಅವನು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಸ್ಟಿಯರಿಂಗ್ ಮುಟ್ಟಿದವನಲ್ಲ.

“ಗಾಡಿ ಓಡಿಸುವುದು ನೀನಾ ನಾನಾ?”

“ಅಳೆದು ನೋಡಿದರೆ ಗೊತ್ತಾಗ್ತದಲ್ಲ?” ಎಂದುಬಿಟ್ಟಳು ಕ್ರಿಸ್ಟಿನ್.

ಮೇಜಿನ ಸುತ್ತ ಇದ್ದವರೆಲ್ಲ ಅವಳ ಮುಖ ನೋಡಿದರು. ಅತ್ತೆ ಕಾರ್ಮಿನ್ ಅನ್ನದ ಸೌಟು ಹಿಡಿದೇ ಕೇಳಿದರು, “ಅದನ್ನು ತಿಳಿದು ಎಂತ ಆಗ್ಬೇಕು?”

“ಎಂತದೂ ಆಗ್ಬೇಕಂತ ಇಲ್ಲ ಮಾಂಯ್. ಗೊತ್ತಾಗ್ಬೇಕು, ಅಷ್ಟೆ.”

ರಾಫೆಲರಿಗೆ ಆ ಉತ್ತರ ಹಿಡಿಸಿತು. ಗಟ್ಟಿಯಾಗಿ ನಕ್ಕು, “ಆಯ್ತು, ಅಳೀವಾ,” ಎಂದರು.

ಅಳೆಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಬಂಕಿಗೆ ಹೋಗಿ ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸುವುದು. ಮೈಲಿನ ಮೀಟರನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮುಂದಿನ ಶನಿವಾರ ಮತ್ತೆ ಕುತ್ತಿಗೆಯವರೆಗೆ ತುಂಬಿಸಿ, ಎಷ್ಟು ಗ್ಯಾಲನ್ ಹಿಡಿಯಿತು, ಎಷ್ಟು ಮೈಲು ಓಡಿತು ಎಂದು ಭಾಗಿಸುವುದು. ಮೊದಲ ವಾರ ಇಪ್ಪತ್ತೊಂಬತ್ತೂವರೆ ಬಂತು. ಎರಡನೆಯ ವಾರ ಇಪ್ಪತ್ತೇಳೂವರೆ. ಅದೇ ಗಾಡಿ, ಅದೇ ದಾರಿ, ಎರಡು ಮೈಲು ಎಲ್ಲಿಗೆ ಹೋಯಿತು? ಕ್ರಿಸ್ಟಿನಳಿಗೆ ನಿದ್ದೆ ಹತ್ತದಂತಾಯಿತು. ಮೂರನೆಯ ಶನಿವಾರ ತಾನೇ ಬಂಕಿಗೆ ಹೋಗಿ ನೋಡಿದಳು. ಅಲ್ಲಿಯ ನೆಲ ಒಂದು ಬದಿಗೆ ಇಳಿಜಾರು. ಗಾಡಿಯ ಮುಖ ಮೇಲಕ್ಕಿದ್ದರೆ ಒಂದಳತೆ ಹಿಡಿಯುತ್ತದೆ, ಕೆಳಕ್ಕಿದ್ದರೆ ಇನ್ನೊಂದಳತೆ. ಅವಳು ಶಾಲೆಯ ಸೀಮೆಸುಣ್ಣದಿಂದ ಮುಂದಿನ ಚಕ್ರ ನಿಲ್ಲುವ ಜಾಗಕ್ಕೆ ಗೆರೆ ಎಳೆದಳು. ಬಂಕಿನವರು ಬಿದ್ದು ಬಿದ್ದು ನಕ್ಕರು.

ಆಮೇಲೆ ಮೀಟರಿನ ಮೇಲೂ ಅವಳಿಗೆ ಸಂಶಯ ಬಂತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮಾವನೂ ಸೊಸೆಯೂ ಕುಲಶೇಖರದ ಆಚೆಗೆ ಕಾರ್ಕಳದ ರಸ್ತೆಯಲ್ಲಿ ಹತ್ತು ಮೈಲಿಗಲ್ಲು ಎಣಿಸಿಕೊಂಡು ಹೋದರು. ಹತ್ತನೆಯ ಕಲ್ಲಿನ ಹತ್ತಿರ ಮೀಟರು ಹತ್ತೂವರೆ ತೋರಿಸುತ್ತಿತ್ತು.

“ಸುಳ್ಳು ಹೇಳ್ತಾ ಉಂಟು, ಕಳ್ಳ!” ಎಂದು ರಾಫೆಲ್ ಮೀಟರಿನ ಗಾಜಿಗೆ ಬೆರಳಿನಿಂದ ಹೊಡೆದರು.

ಎಲ್ಲ ತಿದ್ದಿ, ಆರು ವಾರಗಳ ಸರಾಸರಿ ತೆಗೆದಾಗ ಗ್ಯಾಲನ್ನಿಗೆ ಇಪ್ಪತ್ತೇಳು ಮೈಲು ಬಂತು. ಅಪ್ಪ ಮಗ ಇಬ್ಬರೂ ಸೋತಿದ್ದರು. ಆದರೆ ಪುಸ್ತಕ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಬಂಕಿನಿಂದ ಬಂದು ಚಹಾಕ್ಕೆ ಕೂರುವ ಮೊದಲೇ ರಾಫೆಲ್ ಎರಡು ಅಂಕಿ ಹೇಳುವುದು, ಕ್ರಿಸ್ಟಿನ್ ಭಾಗಿಸಿ ಉತ್ತರ ಹೇಳುವುದು, ಅದು ಮನೆಯ ಒಂದು ರೂಢಿಯೇ ಆಯಿತು.

ನವೆಂಬರಿನಲ್ಲಿ ಮನೆಯ ನೆಮ್ಮದಿ ಕೆಟ್ಟಿತು. ಮಗಳು ಜೆಸ್ಸಿಗೆ ಬೊಂಬಾಯಿಯ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಅಪ್ಪ ಒಪ್ಪುವುದಿಲ್ಲವೆಂದು ಗೊತ್ತಿದ್ದ ಕಾರ್ಮಿನ್ ತಾವೇ ಕಾಗದಕ್ಕೆ ರುಜು ಹಾಕಿ ಕಳಿಸಿದ್ದರು. ರಾಫೆಲರಿಗೆ ವಿಷಯ ತಿಳಿದದ್ದು ಹುಡುಗಿ ಹೊರಡುವ ಹಿಂದಿನ ದಿನ.

“ಕಳಿಸಿದ್ದು ನೀನು. ಇನ್ನು ನನ್ನ ಹತ್ರ ಮಾತಾಡಿ ಎಂತ ಆಗ್ಬೇಕು?” ಎಂದವರು ಹೆಂಡತಿಯೊಡನೆ ಮಾತು ಬಿಟ್ಟರು. ಜೆಸ್ಸಿಯ ಪತ್ರ ಬಂದರೆ ಓದುತ್ತಿರಲಿಲ್ಲ. ಕಾರ್ಮಿನ್ ಕೆಲವು ವಾರ ತಾವಾಗಿ ಮಾತಾಡಿಸಿ ನೋಡಿದರು. ಕ್ರಿಸ್ಮಸ್ ಕಳೆದ ಮೇಲೆ ಅವರೂ ಬಾಯಿ ಮುಚ್ಚಿದರು. ಅಲ್ಲಿಂದ ಮುಂದೆ ಎಲ್ಲ ಮಾತೂ ಕ್ರಿಸ್ಟಿನಳ ಮೂಲಕ.

“ನಿನ್ನ ಮಾವನಿಗೆ ಹೇಳು, ಗಂಜಿ ತಣೀತಾ ಉಂಟು.”

“ಮಾಂವ್, ಗಂಜಿ.”

“ಎಂತ? ಈ ಮನೆಯಲ್ಲಿ ಎಲ್ಲರೂ ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡ್ತೀರಿ ಮಾರಾಯ್ರೆ!”

ಇದೇ ಹೊತ್ತಿಗೆ ಪುಸ್ತಕದ ಅಂಕಿಗಳು ಇಳಿಯತೊಡಗಿದ್ದವು. ಅಕ್ಟೋಬರ್ ಕೊನೆಗೆ ಇಪ್ಪತ್ತಾರು, ಕ್ರಿಸ್ಮಸ್ಸಿಗೆ ಇಪ್ಪತ್ತನಾಲ್ಕೂವರೆ, ಫೆಬ್ರವರಿಯಲ್ಲಿ ಇಪ್ಪತ್ತೆರಡು. ಕ್ರಿಸ್ಟಿನ್ ಮೊದಲು ತನ್ನ ಭಾಗಾಕಾರವನ್ನೇ ಸಂಶಯಿಸಿದಳು. ವಾರವಾರವೂ ತೀಡುತ್ತಿದ್ದ ಸೀಮೆಸುಣ್ಣದ ಗೆರೆ ಜಾಗ ತಪ್ಪಿದೆಯೇ ನೋಡಿದಳು. ಮೈಲಿಗಲ್ಲುಗಳನ್ನು ಮತ್ತೊಮ್ಮೆ ಎಣಿಸಿದಳು. ಎಲ್ಲ ಸರಿಯಿತ್ತು. ಬಂದರಿನ ಮೆಕ್ಯಾನಿಕ್ ಯಾಹ್ಯಾನ ಗ್ಯಾರೇಜಿಗೆ ಗಾಡಿ ಹೋಯಿತು. ಅವನು ಕಾರ್ಬುರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಿಸಿದ, ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಹಿಡಿಯುತ್ತದೆಯೇ ನೋಡಿದ.

“ಗಾಡಿಯಲ್ಲಿ ಎಂತದೂ ಇಲ್ಲ ಪೊರ್ಬುಗಳೇ,” ಎಂದ. “ಇದು ಇನ್ನೂ ಹತ್ತು ವರ್ಷ ಓಡ್ತದೆ.”

“ಹಾಗಾದರೆ ಪೆಟ್ರೋಲ್ ಕುಡಿಯುವುದು ಯಾರು?”

ಆ ಪ್ರಶ್ನೆಯನ್ನು ಅವರು ರಾತ್ರಿಯ ಊಟಕ್ಕೂ ತಂದರು. ವಿಲ್ಲಿಯ ಮುಖ ನೋಡಿ ಕೇಳಿದರು.

“ನನ್ನನ್ನು ಯಾಕೆ ನೋಡ್ತೀರಿ ಪಪ್ಪಾ?”

“ಸಂಜೆ ಗಾಡಿ ಇರುವುದು ಯಾರ ಕೈಯಲ್ಲಿ? ಪೈಪು ಹಾಕಿ ತೆಗೆದು ಮಾರುವವರು ಊರಲ್ಲಿ ಎಷ್ಟು ಜನ ಇದ್ದಾರೆ, ನನಗೆ ಗೊತ್ತಿಲ್ಲವಾ?”

ವಿಲ್ಲಿ ತಟ್ಟೆ ಸರಿಸಿದ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಪ್ಪನದೇ ಮೂಗು, ಅಪ್ಪನದೇ ಸಿಟ್ಟು. “ಕಳ್ಳ ಅಂತ ನೇರ ಹೇಳಿ.”

“ನಾನು ಹೇಳುವುದಿಲ್ಲ. ಪುಸ್ತಕ ಹೇಳ್ತದೆ.”

ಕ್ರಿಸ್ಟಿನ್ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದಳು. ಕುತೂಹಲಕ್ಕೆಂದು ತಾನು ಬರೆದ ಪುಸ್ತಕ ಮೈದುನನ ಮೇಲೆ ಕಳ್ಳತನ ಹೊರಿಸುತ್ತಿತ್ತು. “ಪುಸ್ತಕ ಹಾಗೆ ಹೇಳುವುದಿಲ್ಲ ಮಾಂವ್,” ಎಂದಳು. “ಎಷ್ಟು ಖರ್ಚಾಯ್ತು ಅಂತ ಮಾತ್ರ ಹೇಳ್ತದೆ, ಯಾಕೆ ಅಂತ ಹೇಳುವುದಿಲ್ಲ. ಒಂದು ಕೆಲಸ ಮಾಡುವಾ. ಒಂದು ವಾರ ನೀವೊಬ್ಬರೇ ಓಡಿಸಿ, ಒಂದು ವಾರ ವಿಲ್ಲಿಯೊಬ್ಬನೇ ಓಡಿಸಲಿ.”

ಮಾರ್ಚ್ ತಿಂಗಳ ಎರಡು ವಾರ ಹಾಗೆಯೇ ನಡೆಯಿತು. ವಿಲ್ಲಿಯ ವಾರ ಇಪ್ಪತ್ತೇಳು ಬಂತು, ರಾಫೆಲರ ವಾರ ಇಪ್ಪತ್ತೊಂದೂವರೆ. ಇನ್ನು ವಿಲ್ಲಿಯ ಮೇಲಿನ ಮಾತು ಮುಗಿಯಿತೆಂದು ಕ್ರಿಸ್ಟಿನ್ ಉಸಿರುಬಿಟ್ಟಳು. ರಾಫೆಲ್ ಮಾತ್ರ ಮೇಜು ಗುದ್ದಿದರು.

“ನೋಡಿ! ಅವನ ವಾರದಲ್ಲಿ ಅವನು ಮುಟ್ಟಲಿಲ್ಲ. ನನ್ನ ವಾರದಲ್ಲಿ ತೆಗೆದ. ಇನ್ನೆಂಥ ಸಾಕ್ಷಿ ಬೇಕು?”

ವಿಲ್ಲಿ ಎದ್ದು ಒಳಗೆ ಹೋದ. ಎರಡು ಅಂಗಿ, ಒಂದು ಪ್ಯಾಂಟು ಚೀಲಕ್ಕೆ ತುರುಕಿಕೊಂಡು ಹೊರಗೆ ಬಂದ.

“ಎಲ್ಲಿಗೆ?” ಎಂದರು ಕಾರ್ಮಿನ್.

“ಯಾಹ್ಯಾನ ಗ್ಯಾರೇಜಿಗೆ. ಅಲ್ಲಿ ಮಲಗ್ಲಿಕ್ಕೆ ಜಾಗ ಉಂಟು.”

“ಕೊರೆಜ್ಮಾದ ಉಪವಾಸದ ದಿನದಲ್ಲಿ ಮನೆ ಬಿಟ್ಟು ಹೋಗ್ತಾರಾ? ಪಾಸ್ಕಾ ಹಬ್ಬಕ್ಕೆ ಇನ್ನು ಒಂದು ತಿಂಗಳಿಲ್ಲ!” ಕಾರ್ಮಿನ್ ಮಾತು ಬಿಟ್ಟದ್ದನ್ನೂ ಮರೆತು ಗಂಡನ ಬೆನ್ನ ಹಿಂದೆ ನಿಂತು ಹೇಳಿದರು, “ಒಬ್ಬಳು ಬೊಂಬಾಯಿಯಲ್ಲಿ, ಇವನು ಬಂದರಿನಲ್ಲಿ. ಈಗ ನಿಮಗೆ ಸಮಾಧಾನ ಆಯ್ತಾ?”

ರಾಫೆಲ್ ಚಹಾದ ಲೋಟ ಎತ್ತಿ ನಿಧಾನಕ್ಕೆ ಕುಡಿದರು. ತಿರುಗಿ ನೋಡಲಿಲ್ಲ.

ಮುಂದಿನ ವಾರ ವಿಲ್ಲಿ ಮನೆಯ ಹತ್ತಿರ ಸುಳಿಯಲಿಲ್ಲ. ಗಾಡಿ ರಾತ್ರಿ ಶೆಡ್ಡಿನಲ್ಲಿ ಬೀಗದ ಒಳಗೆ. ಶನಿವಾರ ಬಂಕಿನಿಂದ ಬಂದ ಅಂಕಿಯನ್ನು ಕ್ರಿಸ್ಟಿನ್ ಎರಡು ಸಲ ಭಾಗಿಸಿದಳು. ಇಪ್ಪತ್ತೊಂದೂಕಾಲು.

ಅಂದರೆ ಕಳ್ಳನಿಲ್ಲ. ಹಾಗಾದರೆ ಏನಿದೆ? ಅವಳು ಪೆನ್ಸಿಲ್ ಕಚ್ಚುತ್ತ ಕುಳಿತಳು. ಗಾಡಿ ಅದೇ, ಪೆಟ್ರೋಲ್ ಅದೇ, ರಸ್ತೆ ಅದೇ. ಬದಲಾಗುವುದು ಓಡಿಸುವವರು ಮಾತ್ರ.

“ಮಾಂವ್,” ಎಂದಳು ಎದುರಿಗೆ ಹೋಗಿ ನಿಂತು, “ಇವತ್ತು ನಾನೂ ನಿಮ್ಮೊಟ್ಟಿಗೆ ಬರ್ತೇನೆ.”

“ಬಾ, ಬಾ. ಬಿಕರ್ನಕಟ್ಟೆಗೆ ಬಾಡಿಗೆ ಉಂಟು.”

ಬಾಲಯೇಸುವಿನ ದರ್ಶನಕ್ಕೆ ಹೊರಟ ಇಬ್ಬರು ಹೆಂಗಸರನ್ನು ಬಿಕರ್ನಕಟ್ಟೆಯಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ಇಬ್ಬರೇ ಹಿಂತಿರುಗಿದರು. ಕ್ರಿಸ್ಟಿನ್ ಮುಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದಳು. ಹೋಗುವಾಗಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಹೆಂಗಸರ ಮಾತಿನ ಗದ್ದಲದಲ್ಲಿ ತಿಳಿದಿರಲಿಲ್ಲ. ಈಗ ಸ್ಪಷ್ಟವಾಗಿ ಕೇಳಿಸಿತು. ಇಂಜಿನ್ ಅರಚುತ್ತಿತ್ತು. ರಸ್ತೆ ಸಮತಟ್ಟಾಗಿದೆ, ಗಾಡಿ ಮೂವತ್ತರ ಹತ್ತಿರ ಓಡುತ್ತಿದೆ, ಗೇರು ಇನ್ನೂ ಮೂರರಲ್ಲೇ.

“ಮಾಂವ್, ಟಾಪ್ ಗೇರ್ ಹಾಕಿ.”

ರಾಫೆಲ್ ರಸ್ತೆ ನೋಡುತ್ತ ಹಾಯಾಗಿ ಕುಳಿತಿದ್ದರು.

“ಮಾಂವ್, ಗೇರ್!”

ಉತ್ತರವಿಲ್ಲ. ಕ್ರಿಸ್ಟಿನ್ ಕಿಟಕಿಯ ಕಡೆ ಮುಖ ತಿರುಗಿಸಿ, ಶಾಲೆಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದಳು, “ಮಾಂವ್, ಹಿಂದಿನ ಚಕ್ರ ಕಳಚಿ ಬಿತ್ತು!”

ರಸ್ತೆ ಬದಿಯಲ್ಲಿ ನಡೆಯುತ್ತಿದ್ದವನೊಬ್ಬ ಗಾಬರಿಯಿಂದ ಚಕ್ರ ನೋಡಿದ. ರಾಫೆಲ್ ನೋಡಲಿಲ್ಲ.

ಸಂಜೆಯ ತೇರ್ಸಿನಲ್ಲಿ ಎಲ್ಲರೂ ಜಪಮಾಲೆ ಮುಗಿಸಿದ ಮೇಲೂ ಮಾವನೊಬ್ಬರ ದನಿ ಮುಂದುವರಿಯುತ್ತಿದ್ದದ್ದು, ಹತ್ತಿರ ಕೂತವರೊಡನೆಯೂ ಅವರು ಕೂಗಿ ಮಾತಾಡುತ್ತಿದ್ದದ್ದು, ಎಲ್ಲ ಅವಳಿಗೆ ಒಮ್ಮೆಗೇ ನೆನಪಾಯಿತು. ಪುಸ್ತಕದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸ್ಟಿಯರಿಂಗಿನ ಹತ್ತಿರ ಹಿಡಿದಳು: ನಿಮಗೆ ಇಂಜಿನಿನ ಸದ್ದು ಕೇಳಿಸ್ತದಾ?

ರಾಫೆಲ್ ಗಾಡಿಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದರು. ಹಾಳೆಯನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದರು.

“ಅಕ್ಟೋಬರಿನಿಂದ ಸರಿ ಕೇಳಿಸುವುದಿಲ್ಲ,” ಎಂದರು. “ಮೊದಲು ಕಿವಿಗೆ ನೀರು ಹೋಗಿದೆ ಅಂತ ಎಣಿಸಿದೆ. ಎಣ್ಣೆ ಬಿಟ್ಟೆ. ಪ್ಯಾಸೆಂಜರು ಹತ್ತುವ ಮೊದಲೇ ಮುಖ ನೋಡಿ ಎಲ್ಲಿಗೆ ಅಂತ ಕೇಳಿಕೊಳ್ತೇನೆ. ಯಾರಿಗೂ ಗೊತ್ತಾಗಲಿಲ್ಲ.” ಸ್ಟಿಯರಿಂಗ್ ಸವರುತ್ತ ಹೇಳಿದರು, “ಇಂಜಿನ್ ಭಾರಿ ನಯ ಆಗಿದೆ ಅಂತ ಖುಷಿ ಆಗಿತ್ತು ನನಗೆ. ಯಾಹ್ಯಾನ ಕೈಗುಣ ಅಂತ ಎಣಿಸಿದ್ದೆ.”

ಕ್ರಿಸ್ಟಿನ್ ಅವರ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು: ಡ್ರೈವರು ಗೇರು ಬದಲಿಸುವುದು ಕಿವಿಯಿಂದ. ಇಂಜಿನ್ ಅರಚಿದರೆ ಮೇಲಿನ ಗೇರು. ಆ ಅರಚುವುದೇ ಕೇಳದಿದ್ದರೆ ಕೈ ಏಳುವುದಿಲ್ಲ. ಕೆಳಗಿನ ಗೇರಿನಲ್ಲಿ ಓಡಿದ ಗಾಡಿ ಪೆಟ್ರೋಲ್ ಸುರಿಯುತ್ತದೆ.

ರಾಫೆಲ್ ಗೇರಿನ ಕಡ್ಡಿಯ ಮೇಲೆ ಕೈಯಿಟ್ಟು ಕುಳಿತರು. “ಹಾಗಾದರೆ ವಿಲ್ಲಿ...”

“ವಿಲ್ಲಿ ಒಂದು ತೊಟ್ಟೂ ತೆಗೆಯಲಿಲ್ಲ ಮಾಂವ್.”

“ಮನೆಯಲ್ಲಿ ನೀನು ಹೇಳ್ಬೇಡ.”

“ಹೇಳದಿದ್ದರೆ ಅವನು ಕಳ್ಳನಾಗಿಯೇ ಉಳಿತಾನಲ್ಲ?”

“ನಾನು ಹೇಳ್ತೇನೆ ಅಂದದ್ದು,” ಎಂದರು ರಾಫೆಲ್, ಅವಳ ತುಟಿ ನೋಡುತ್ತ.

ಅವರು ಮನೆಗೆ ಹೋಗಲಿಲ್ಲ, ನೇರ ಬಂದರಿಗೆ ಹೋದರು. ಗ್ಯಾರೇಜಿನಲ್ಲಿ ವಿಲ್ಲಿ ಒಂದು ಲಾರಿಯ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸುತ್ತಿದ್ದ. ಅಪ್ಪನ ಚಪ್ಪಲಿ ಕಂಡು ಹೊರಗೆ ಬರಲಿಲ್ಲ. ರಾಫೆಲ್ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಲಾರಿಯ ಅಡಿಗೆ ಬಗ್ಗಿ, ಇಡೀ ಗ್ಯಾರೇಜಿಗೆ ಕೇಳುವಂತೆ ಹೇಳಿದರು, “ನನಗೆ ಕಿವಿ ಕೇಳುವುದಿಲ್ಲ ವಿಲ್ಲಿ. ಪೆಟ್ರೋಲ್ ಕುಡಿದದ್ದು ನನ್ನ ಕಿವಿ. ಮನೆಗೆ ಬಾ.”

ಯಾಹ್ಯಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ವಿಲ್ಲಿ ನಿಧಾನಕ್ಕೆ ಹೊರಗೆ ತೆವಳಿ ಬಂದ. ಏನೋ ಅಂದ. ತಲೆ ತಗ್ಗಿಸಿ ಅಂದದ್ದರಿಂದ ರಾಫೆಲರಿಗೆ ತಿಳಿಯಲಿಲ್ಲ.

“ಎಂತ ಹೇಳಿದ?” ಎಂದು ಸೊಸೆಯನ್ನು ಕೇಳಿದರು.

“ಕೈ ತೊಳ್ಕೊಂಡು ಬರ್ತೇನೆ ಅಂದ.”

ಆಸ್ಪತ್ರೆಯ ಡಾಕ್ಟರು ಟಾರ್ಚು ಹಾಕಿ ನೋಡಿ, ಇದು ನರದ ತೊಂದರೆ, ಮದ್ದಿಲ್ಲ ಎಂದರು. ರಾಫೆಲ್ ತಲೆಯಾಡಿಸಿ ಮನೆಗೆ ಬಂದರು. ಆದರೆ ಒಂದು ವಿಷಯ ಅವರನ್ನು ಕೊರೆಯುತ್ತಿತ್ತು.

“ಕಿವಿ ಹೋದದ್ದು ಹೋಯ್ತು. ನನ್ನ ಕೈ ಸರಿ ಉಂಟಾ ಅಂತ ನೋಡ್ಬೇಕಲ್ಲ?” ಎಂದರು ಕ್ರಿಸ್ಟಿನಳಿಗೆ. ಕೇಳಲು ಧೈರ್ಯವಾಗದೆ ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಇಬ್ಬರೂ ಕೂತು ಸ್ಪೀಡಿನ ಮುಳ್ಳಿಗೆ ಲೆಕ್ಕ ಹಾಕಿದರು. ಮುಳ್ಳು ಹತ್ತಕ್ಕೆ ಬಂದರೆ ಎರಡು, ಇಪ್ಪತ್ತಕ್ಕೆ ಬಂದರೆ ಮೂರು, ಇಪ್ಪತ್ತೆಂಟು ದಾಟಿದರೆ ಟಾಪ್. ಒಂದು ವಾರ ಪೂರ್ತಿ ರಾಫೆಲ್ ಕಣ್ಣಿನಿಂದಲೇ ಗೇರು ಹಾಕಿದರು. ಪಕ್ಕದಲ್ಲಿ ವಿಲ್ಲಿ, ಹಿಂದಿನಿಂದ ಹಾರ್ನ್ ಬಂದಾಗಲೆಲ್ಲ ಅಪ್ಪನ ತೊಡೆ ತಟ್ಟಲು. ಶನಿವಾರ ಪುಸ್ತಕದಲ್ಲಿ ಇಪ್ಪತ್ತೇಳೂಕಾಲು ಬಂತು. ವಿಲ್ಲಿಗಿಂತ ಕಾಲು ಮೈಲು ಹೆಚ್ಚು.

“ಎಷ್ಟು ಸಲ ತೊಡೆ ತಟ್ಟಿದೆ?” ಎಂದು ರಾಫೆಲ್ ಮಗನನ್ನು ಕೇಳಿದರು.

“ಲೆಕ್ಕ ಇಡಲಿಲ್ಲ ಪಪ್ಪಾ.”

“ನಾನು ಇಟ್ಟಿದ್ದೇನೆ. ಮೊನ್ನೆ ಒಂದೇ ದಿನ ಹನ್ನೊಂದು ಸಲ.” ಅವರು ಗಾಡಿಯ ಕೀ ತೆಗೆದು ವಿಲ್ಲಿಯ ಮುಂದೆ ಇಟ್ಟರು. “ಹಾರ್ನ್ ಕೇಳದವನು ಜನರನ್ನು ಕೂರಿಸಿಕೊಂಡು ಹೋಗಬಾರದು. ಇನ್ನು ನೀನೇ ಓಡಿಸು. ಇಪ್ಪತ್ತೇಳಕ್ಕಿಂತ ಇಳಿದರೆ ಜಾಗ್ರತೆ!”

ಈಸ್ಟರಿನ ದಿನ, ಪಾಸ್ಕಾ ಹಬ್ಬಕ್ಕೆ, ಎಲ್ಲರೂ ಒಟ್ಟಿಗೆ ಕೂತು ಉಂಡರು. ಗಂಡ ಹೆಂಡತಿಯ ನಡುವೆ ಮಾತ್ರ ಆಗಲೂ ಮಾತಿರಲಿಲ್ಲ.

ಹಬ್ಬ ಕಳೆದ ಮಂಗಳವಾರ ಮಧ್ಯಾಹ್ನ ಕ್ರಿಸ್ಟಿನ್ ಹಿಂದಿನ ಜಗಲಿಯಲ್ಲಿ ಕೂತು, ಒಂಬತ್ತು ತಿಂಗಳ ಅಂಕಿಗಳನ್ನು ಗ್ರಾಫಿನ ಹಾಳೆಗೆ ಇಳಿಸುತ್ತಿದ್ದಳು. ಶಾಲೆಗೆ ರಜೆ. ಕಾರ್ಮಿನ್ ಬಂದು ಪಕ್ಕದಲ್ಲಿ ನಿಂತರು.

“ಇದರಲ್ಲಿ ಕ್ರಿಸ್ಮಸ್ ಎಲ್ಲಿ ಉಂಟು?”

ಕ್ರಿಸ್ಟಿನ್ ಬೆರಳಿಟ್ಟು ತೋರಿಸಿದಳು. ಗೆರೆ ಅಲ್ಲಿಗೆ ಅರ್ಧ ಗುಡ್ಡ ಇಳಿದಿತ್ತು.

“ಆಗ ಅವರಿಗೆ ಕೇಳ್ತಿತ್ತಾ?”

“ಎದುರಿಗೆ ನಿಂತು ಹೇಳಿದರೆ ಸ್ವಲ್ಪ ತಿಳೀತಿತ್ತೋ ಏನೋ. ಹಿಂದಿನಿಂದ ಹೇಳಿದ್ದು ಕೇಳಿರಲಿಕ್ಕಿಲ್ಲ. ಯಾಕೆ ಮಾಂಯ್?”

ಕಾರ್ಮಿನ್ ಮೆಟ್ಟಿಲ ಮೇಲೆ ಕುಸಿದು ಕೂತರು. “ಕ್ರಿಸ್ಮಸ್ಸಿನ ಹಿಂದಿನ ದಿನ ಅವರು ಅಂಗಳದಲ್ಲಿ ಗಾಡಿ ತೊಳೀತಿದ್ರು. ನಾನು ಹಬ್ಬದ ಕುಸ್ವಾರ್ ತಿಂಡಿ ಕರಿಯುವುದನ್ನು ಬಿಟ್ಟು ಹೋಗಿ ಹಿಂದೆ ನಿಂತೆ. ಜೆಸ್ಸಿಯ ವಿಷಯದಲ್ಲಿ ನನ್ನದು ತಪ್ಪು, ನಿಮ್ಮನ್ನು ಕೇಳದೆ ರುಜು ಹಾಕಬಾರದಿತ್ತು ಅಂದೆ. ಮದುವೆಯಾಗಿ ಮೂವತ್ತೊಂದು ವರ್ಷ. ಅಂಥ ಮಾತು ಹೇಳಿದ್ದು ಅದೇ ಮೊದಲು. ಅವರು ತಿರುಗಿ ಕೂಡ ನೋಡ್ಲಿಲ್ಲ. ಬಾಲ್ದಿ ಎತ್ತಿಕೊಂಡು ಬಾವಿಕಟ್ಟೆಗೆ ಹೋದ್ರು.”

“ಈಗ ಹೋಗಿ ಹೇಳಿ ಮಾಂಯ್.”

“ಅಂಥದ್ದನ್ನು ಎರಡು ಸಲ ಹೇಳ್ಲಿಕ್ಕೆ ಆಗ್ತದಾ?” ಎಂದರು ಕಾರ್ಮಿನ್. ಸೆರಗಿನಿಂದ ಮುಖ ಒರಸಿಕೊಂಡರು. ಆಮೇಲೆ ಎದ್ದೇಬಿಟ್ಟರು.

ರಾಫೆಲ್ ಮುಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗಾಡಿ ಬಿಟ್ಟ ಮೇಲೆ ಅವರಾಗಿ ಹಚ್ಚಿಕೊಂಡ ಕೆಲಸ ಅದು. ಕಾರ್ಮಿನ್ ಒಂದು ಮಣೆ ಎಳೆದು ಅವರ ಎದುರಿಗೆ ಕೂತರು. ಮೆಲ್ಲಗೆ ಹೇಳಿದರು.

“ಎಂತ?”

ಇನ್ನೊಮ್ಮೆ ಹೇಳಿದರು.

“ಜೋರಾಗಿ ಹೇಳು ಮಾರಾಯ್ತಿ.”

“ಜೆಸ್ಸಿಯ ವಿಷಯದಲ್ಲಿ ನನ್ನದು ತಪ್ಪು!” ಎಂದು ಕಾರ್ಮಿನ್ ಕೂಗಿದರು. “ನಿಮ್ಮನ್ನು ಕೇಳದೆ ರುಜು ಹಾಕಬಾರದಿತ್ತು! ಕ್ರಿಸ್ಮಸ್ಸಿಗೇ ಹೇಳಿದ್ದೆ! ನಿಮಗೆ ಕೇಳ್ಲಿಲ್ಲ!”

ಪಕ್ಕದ ಹಿತ್ತಲಿನ ಹೆಂಗಸು ಬಟ್ಟೆ ಒಣಹಾಕುವುದನ್ನು ಬಿಟ್ಟು ಬೇಲಿಯ ಹತ್ತಿರ ಬಂದಳು. ರಾಫೆಲ್ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟರು.

“ಹೇಳಿದ್ದೆಯಾ?” ಎಂದರು, ಅಷ್ಟೇ ಗಟ್ಟಿಯಾಗಿ. “ನಾನು ಕಾಯ್ತಾ ಇದ್ದೆ. ಹಬ್ಬಕ್ಕಾದರೂ ಒಂದು ಮಾತು ಹೇಳ್ತಾಳೆ ಅಂತ ಕಾಯ್ತಾ ಇದ್ದೆ. ಹೇಳಲಿಲ್ಲ ಅಂತಲೇ ಸಿಟ್ಟು ಇಳಿಯಲಿಲ್ಲ.” ಅವರು ಹೆಂಡತಿಯ ಕಡೆ ಬಗ್ಗಿದರು. “ಆಮೇಲೆ ನೀನು ಮಾತೇ ಬಿಟ್ಟೆ. ಮನೆ ಅಷ್ಟು ಮೌನ ಆದದ್ದು ಅದರಿಂದ ಅಂತ ಎಣಿಸಿದೆ. ಕಿವಿ ಎಷ್ಟು ಹೋಗಿದೆ ಅಂತ ನನಗೇ ಗೊತ್ತಾಗಲಿಲ್ಲ.”

ಕಾರ್ಮಿನ್ ಹುಣಸೆಹಣ್ಣಿನ ಗೆರಸಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಜೆಸ್ಸಿಗೆ ನೀವು ಒಂದು ಪತ್ರ ಬರೀರಿ,” ಎಂದರು.

“ಎಂತ?”

“ಪತ್ರ! ಪತ್ರ!”

ರಾಫೆಲ್ ಬಾಗಿಲ ಕಡೆ ತಿರುಗಿದರು. “ಕ್ರಿಸ್ಟಿನ್, ಮನೆಯಲ್ಲಿ ಇನ್‌ಲ್ಯಾಂಡ್ ಉಂಟಾ?”

ಬಾಗಿಲ ಮರೆಯಲ್ಲೇ ನಿಂತಿದ್ದ ಕ್ರಿಸ್ಟಿನ್ ತಲೆಯಾಡಿಸಿ ಒಳಗೆ ಹೋದಳು. ಎಡ್ವಿನನ ಪೆಟ್ಟಿಗೆಯಲ್ಲಿ ಹುಡುಕಿ, ಒಂದು ಇನ್‌ಲ್ಯಾಂಡ್, ಪೆನ್ನು ಹಿಡಿದು ಹಿಂತಿರುಗುವಷ್ಟರಲ್ಲಿ ಕಾರ್ಮಿನ್ ಮಾತಾಡುತ್ತಿದ್ದರು. ಬೀಜ ಬಿಡಿಸುತ್ತ, ಒಂದೊಂದು ಮಾತಿಗೂ ಮುಖ ಎತ್ತಿ ಗಂಡನಿಗೆ ತೋರಿಸುತ್ತ, ದೊಡ್ಡ ದನಿಯಲ್ಲಿ ನಾಲ್ಕು ತಿಂಗಳ ಸುದ್ದಿಯನ್ನೆಲ್ಲ ಹೇಳುತ್ತಿದ್ದರು: ತಮ್ಮ ಅಕ್ಕನ ಮೊಣಕಾಲು ನೋವು, ಕುಲಶೇಖರದಲ್ಲಿ ನಿಂತುಹೋದ ಒಂದು ಮದುವೆ, ಜೆಸ್ಸಿಗೆ ಬೊಂಬಾಯಿಯ ಊಟ ಸೇರದೆ ಇರುವುದು. ರಾಫೆಲ್ ಹೆಂಡತಿಯ ತುಟಿಯ ಮೇಲಿನ ಕಣ್ಣು ತೆಗೆಯದೆ ಕೂತಿದ್ದರು.

“ನಿಧಾನ, ನಿಧಾನ,” ಎಂದರು ನಡುವೆ ಕೈ ಎತ್ತಿ. “ಜೆಸ್ಸಿಯದ್ದು ಮೊದಲಿಂದ ಹೇಳು.”